ಸೇತುವೆ ದಾಟಿ ಬೀಗರಾದದ್ದು

ವಿದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಹಡಗಿನಲ್ಲಿ ವಾಂತಿ ಬಂತು, ಹಿಮ ಬಿತ್ತು, ಅಲ್ಲಿಯ ಜನ ಕೈಯಿಂದ ಉಣ್ಣುವುದಿಲ್ಲ, ರಸ್ತೆಯಲ್ಲಿ ಉಗುಳುವುದಿಲ್ಲ ಎಂದೆಲ್ಲ ಬರೆಯುತ್ತಾರೆ. ನಾವು ಮಾಡಿದ ವಿದೇಶ ಪ್ರವಾಸದಲ್ಲಿ ಎಲ್ಲರೂ ಕೈಯಿಂದಲೇ ಉಂಡರು, ಬೇಕಾದ ಕಡೆ ಉಗುಳಿದರು, ಹಿಮ ಬೀಳಲಿಲ್ಲ. ವಾಂತಿ ಮಾತ್ರ ಆಯಿತು. ಅದೂ ರೈಲಿನಲ್ಲಿ, ಹರಿಹರ ಬರುವುದಕ್ಕೆ ಮುಂಚೆಯೇ.

ಇದು ಕರ್ನಾಟಕ ಒಂದಾಗುವುದಕ್ಕೆ ಮುಂಚಿನ ಮಾತು. ಆಗ ಹರಿಹರದ ಹೊಳೆಯ ಈ ದಡ ಮೈಸೂರು ರಾಜ್ಯ, ಆ ದಡ ಮುಂಬೈ ರಾಜ್ಯ. ನಮ್ಮವರು ದಾವಣಗೆರೆಯ ಒಂದು ಹತ್ತಿ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು. ಪಕ್ಕದ ಮನೆಯ ಮಕ್ಕಳು ಕ್ರಿಸ್‌ಮಸ್ ರಜದಲ್ಲಿ ಬೊಂಬಾಯಿಗೆ ಹೊರಟರು ಎಂಬ ಸುದ್ದಿ ಕೇಳಿ ನಮ್ಮ ಸರೋಜ ಮತ್ತು ಬಸು ಊಟ ಬಿಟ್ಟು ಕೂತಾಗ, ನಮ್ಮವರು ಮೀಸೆ ತಿರುವಿ ಹೇಳಿದರು:

"ಅಳಬ್ಯಾಡ್ರಿ. ನಾನೂ ನಿಮ್ಮನ್ನ ಮುಂಬೈ ರಾಜ್ಯಕ್ಕೇ ಕರ್ಕೊಂಡು ಹೋಗ್ತೀನಿ. ಬೆಳಿಗ್ಗೆ ಹೋಗಿ ಸಂಜಿಗೆ ಬರೋದು."

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಎದುರು ಮನೆಯಾಕೆ ಬಂದು ಬೊಂಬಾಯಿ ಬಳೆ ತರಲು ನನಗೆ ಕೈಯ ಅಳತೆ ಕೊಟ್ಟು ಹೋದಳು.

ದಾವಣಗೆರೆ ಸ್ಟೇಷನ್

ನಮ್ಮ ಅತ್ತೆ ಬರುವ ಮಾತೇ ಇರಲಿಲ್ಲ. ಹೊರಡುವ ಬೆಳಿಗ್ಗೆ ಎದ್ದು, "ಇವತ್ತು ಅಮಾಸೆ. ಅಮಾಸೆ ದಿನ ಹುಡುಗರನ್ನ ಹೊಳಿ ದಾಟಿಸ್ತೀಯೇನೋ?" ಎಂದು ಮಗನನ್ನು ಬೈದರು. ಬೈಯುತ್ತಲೇ ಸೀರೆ ಬದಲಿಸಿದರು, ಬೈಯುತ್ತಲೇ ಜಟಕಾ ಹತ್ತಿದರು. ನಾವು ಅಪಾಯಕ್ಕೆ ಸಿಕ್ಕುವುದನ್ನು ಅವರು ಕಣ್ಣಾರೆ ನೋಡಬೇಕಿತ್ತು.

ನಮ್ಮೂರಿನ ಚಳಿ ಅಂಥ ಶೂರನೇನಲ್ಲ. ಬೆಳಗಿನ ಪಾಳಿಯವರ ಜೊತೆ ಬೀದಿಗೆ ಬರುತ್ತದೆ, ಬಿಸಿಲು ಬಂದರೆ ತಲೆ ತಪ್ಪಿಸಿಕೊಳ್ಳುತ್ತದೆ. ಆದರೂ ನಾನು ಮಕ್ಕಳಿಗೆ ಕುಲಾವಿ ಕಟ್ಟಿ, ಸ್ವೆಟರ್ ತೊಡಿಸಿ, ಮೇಲೆ ಶಾಲು ಸುತ್ತಿದ್ದೆ. ಬಸು ಎಷ್ಟು ದಪ್ಪ ಕಾಣುತ್ತಿದ್ದನೆಂದರೆ ಅವನ ಕೈ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಕುಲಾವಿಯಿಂದಾಗಿ ಕಿವಿಯೂ ಕೇಳಿಸದು. ರೈಲು ಹೊರಟ ಮೇಲೆ ಕಿಟಕಿಯಲ್ಲಿ ಮುಖ ಇಟ್ಟವನಿಗೆ ಕಣ್ಣಿಗೆ ಇದ್ದಿಲ ಕಿಡಿ ಬಿತ್ತು. ಅದನ್ನು ಊದಿ ತೆಗೆಯುವಷ್ಟರಲ್ಲಿ ಶಾಲಿನ ಸೆಕೆಗೋ ಬೆಳಗ್ಗೆ ತಿಂದ ಮಂಡಕ್ಕಿಗೋ ಅವನಿಗೆ ವಾಂತಿಯಾಯಿತು. ಎದುರಿಗೆ ಕೂತಿದ್ದ, ಬಟ್ಟೆ ಗಂಟು ಹೊತ್ತು ಸಂತೆಗೆ ಹೊರಟಿದ್ದ ಸಾಹೇಬರು ಪಾಪ, ಕಾಲು ಮೇಲೆತ್ತಿಕೊಂಡು, "ಬಚ್ಚಾ ಐತೆ, ಹೋಗ್ಲಿ ಬಿಡ್ರಿ ಬಾಯಿ" ಎಂದರು.

"ಅವ್ವ, ಮುಂಬೈ ಬಂತಾ?" ಎಂದ ಬಸು, ಬಾಯಿ ಒರೆಸಿಕೊಳ್ಳುತ್ತ.

ಹರಿಹರ, ಹೊಳೆದಂಡೆ

ಹರಿಹರದ ದೇವರು ಅರ್ಧ ಶಿವ, ಅರ್ಧ ವಿಷ್ಣು. ಎರಡು ಮನೆತನದ ಜಗಳ ಬಗೆಹರಿಸಲು ನಡುವೆ ಗೋಡೆ ಹಾಕದೆ ಒಂದೇ ಕೋಣೆ ಕೊಟ್ಟ ಹಾಗೆ. ಸರೋಜ ಗರ್ಭಗುಡಿಯ ಮುಂದೆ ನಿಂತು, "ಅಜ್ಜಿ, ಯಾವ ಕಡೆಯೋರಿಗೆ ಮೊದ್ಲು ಹಸಿವಾಗ್ತೈತೆ?" ಎಂದು ಕೇಳಿದಳು. ಅತ್ತೆ ಸುಮ್ಮನೆ ಕೈ ಮುಗಿ ಎಂದು ತಲೆಗೊಂದು ಕೊಟ್ಟರು. ಅರ್ಚಕರು ನಕ್ಕರು. ಒಳಗೆ ಯಾರೋ ದೊಡ್ಡವರ ಅಭಿಷೇಕ ನಡೆದಿತ್ತು. ಕಪ್ಪು ಕೋಟು ತೊಟ್ಟ ಒಬ್ಬರು ದೇವರಿಗಿಂತ ಸ್ವಲ್ಪ ಮುಂದೆಯೇ ಕೂತಿದ್ದರು. ನಾವು ಹಿಂದಿನಿಂದ ಇಣುಕಿ ಹೊರಬಂದೆವು.

ಚಳಿಗಾಲದ ತುಂಗಭದ್ರೆ ಮಕ್ಕಳಿಗೆ ಹೇಳಿ ಮಾಡಿಸಿದ ಹೊಳೆ. ನೀರು ಒಂದು ಬದಿಗೆ ಸರಿದು, ಮರಳು ಬಯಲಾಗಿ ಬಿದ್ದಿರುತ್ತದೆ. ಮಕ್ಕಳು ಶಾಲು, ಸ್ವೆಟರ್, ಕುಲಾವಿ ಒಂದೊಂದೇ ಕಳಚಿ ಎಸೆದರು. ಸರೋಜ ಮರಳಿನಲ್ಲಿ ಗುಡಿ ಕಟ್ಟಿದಳು, ಬಸು ಅದನ್ನು ತುಳಿದ. ಅವಳು ಮತ್ತೆ ಕಟ್ಟಿದಳು, ಅವನು ಮತ್ತೆ ತುಳಿದ. ಇಬ್ಬರಿಗೂ ಬೇಸರವೇ ಬರಲಿಲ್ಲ. ನಮ್ಮವರು ಧೋತರ ಎತ್ತಿ ಕಟ್ಟಿ ಈಜು ತೋರಿಸುತ್ತೇನೆಂದು ನೀರಿಗಿಳಿದು, ಮೊಣಕಾಲವರೆಗೆ ಹೋಗಿ, ನೀರು ಬಹಳ ತಣ್ಣಗಿದೆ ಎಂದು ಘೋಷಿಸಿ ಹಿಂದಿರುಗಿದರು. ನಾವೆಲ್ಲ ಆ ಸಾಹಸ ನೋಡುತ್ತ ನಿಂತಿದ್ದಾಗ ಹಿಂದಿನಿಂದ ಒಂದು ಹಸು ಬಂದು ನಮ್ಮ ಬುತ್ತಿಯ ಗಂಟನ್ನು ತಿಂದು ಮುಗಿಸಿತು. ರೊಟ್ಟಿ, ಚಿತ್ರಾನ್ನ, ಮೊಸರನ್ನ, ಕೊನೆಗೆ ಕಟ್ಟಿದ ಬಟ್ಟೆಯ ಅರ್ಧ.

ಅತ್ತೆ ಕೋಲು ಹುಡುಕಿದರು, ಆಮೇಲೆ ಹಸುವಿಗೆ ಕೈ ಮುಗಿದರು. "ಅಮಾಸೆ ದಿನ ಗೋವು ಉಂಡ್ರೆ ಪುಣ್ಯ" ಎಂದರು. ಪುಣ್ಯ ಅವರ ಪಾಲಿಗೆ, ಹಸಿವು ನಮ್ಮ ಪಾಲಿಗೆ.

"ಚಿಂತಿ ಮಾಡಬ್ಯಾಡ್ರಿ," ಎಂದರು ನಮ್ಮವರು. "ಹೊಳಿ ದಾಟಿದ್ರೆ ಆ ಕಡೆಯೋರ ಖಾನಾವಳಿ ಇರ್ತಾವೆ. ಬಿಸಿ ರೊಟ್ಟಿ, ಎಣ್ಣೆಗಾಯಿ. ನಾನು ಕೇಳಿದೀನಿ."

ಅವರು ಕೇಳಿದ್ದರೇ ಹೊರತು ನೋಡಿರಲಿಲ್ಲ. ಹದಿಮೂರು ವರ್ಷದ ಸಂಸಾರದಲ್ಲಿ ನಾನು ಈ ವ್ಯತ್ಯಾಸ ಕಲಿತಿರಬೇಕಿತ್ತು.

ಸೇತುವೆ

ಸೇತುವೆಯ ಮೇಲೆ ಗಾಳಿ ಜೋರಿತ್ತು. ನಡುವೆ ಬಂದಾಗ ಬಸು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು, "ಈ ಕಾಲು ಮೈಸೂರು, ಈ ಕಾಲು ಮುಂಬೈ" ಎಂದು ಕುಣಿದ. ಗಡಿ ಎಲ್ಲಿದೆ ಎಂದು ಅವನಿಗೆ ಯಾರು ಹೇಳಿದ್ದರೋ! ಆ ಕಡೆಯ ತುದಿಯಲ್ಲಿ ಒಬ್ಬ ಪೊಲೀಸು ನಿಂತಿದ್ದ. ಮುಂಬೈ ರಾಜ್ಯದಲ್ಲಿ ಹೆಂಡ ಸಾರಾಯಿ ನಿಷೇಧ. ಹಾಗಾಗಿ ದಾಟುವವರ ಚೀಲ ನೋಡುವುದು ಅವನ ಕೆಲಸ. ನಮ್ಮಲ್ಲಿ ನೋಡಲು ಉಳಿದದ್ದು ಅತ್ತೆಯ ಮಡಿಲಲ್ಲಿದ್ದ ಒಂದು ಬಾಟಲಿ ಮಾತ್ರ.

"ಇದೇನಬೇ ಯಮ್ಮಾ?"

"ಕಷಾಯ. ಶುಂಠಿ, ಮೆಣಸು. ಹುಡುಗರಿಗೆ ಥಂಡಿ ಆಗಬಾರ್ದು ಅಂತ."

ಅವನು ಬಿರಡೆ ತೆಗೆದು ಮೂಸಿದ. ಮೂಗು ಕಟ್ಟಿತ್ತೆಂದು ಕಾಣುತ್ತದೆ, ಏನೂ ತಿಳಿಯಲಿಲ್ಲ. "ಕುಡದು ನೋಡಬೇಕಾತು" ಎಂದು ಒಂದು ಗುಟುಕು ಕುಡಿದ. ಅವನ ಕಣ್ಣು ಕೆಂಪಾದವು, ನೀರು ಸುರಿಯಿತು, ನಾಲ್ಕು ಸಲ ಸೀನಿದ. ಆಮೇಲೆ ಮುಖ ಅರಳಿತು. "ಮೂಗು ಬಿಡ್ತು ನೋಡಬೇ!" ಎಂದು ಇನ್ನರ್ಧ ಬಾಟಲಿ ಕುಡಿದು, ನಮಗೆ ಸಲಾಂ ಹೊಡೆದ. ನಮ್ಮ ವಲಸೆ ವಿಚಾರಣೆ ಅಲ್ಲಿಗೆ ಮುಗಿಯಿತು.

ಖಾನಾವಳಿ ಇರಲಿಲ್ಲ. ಖಾನಾವಳಿ ಇರಬಹುದಾದ ಜಾಗವೂ ಇರಲಿಲ್ಲ. ಇದ್ದದ್ದು ಒಂದು ಬೇವಿನ ಮರ, ಅದರ ಕೆಳಗೆ ಕೊಂಬಿಗೆ ಗೊಂಡೆ ಕಟ್ಟಿದ ಎತ್ತಿನ ಸವಾರಿ ಗಾಡಿ, ಗಾಡಿಯ ಮುಂದೆ ರುಮಾಲು ಸುತ್ತಿದ ಒಬ್ಬ ಮನುಷ್ಯ.

"ದಾವಣಗೇರಿಯಿಂದ ಬಂದ್ರೇನ್ರಿ?" ಎಂದ.

"ಹೌದ್ರಿ," ಎಂದರು ನಮ್ಮವರು.

"ಮತ್ತ ನಿಂತೀರ್ಯಾಕ? ಹತ್ರಿ, ಹತ್ರಿ. ನಿಮ್ಮ ಸಲುವಾಗೇ ಬಂದು ನಿಂತೀನಿ. ಹೊಲದಾಗ ಎಲ್ಲಾರೂ ದಾರಿ ಕಾಯಾಕ ಹತ್ಯಾರ."

ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಅತ್ತೆ ಗಾಡಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಾಗಿತ್ತು. "ಪರದೇಶದ ಜನ ಎಷ್ಟು ಒಳ್ಳೇರು ನೋಡು" ಎಂದರು. ಹಸಿದ ಹೊಟ್ಟೆಗೆ ಅನುಮಾನ ಬರುವುದಿಲ್ಲ. ಗಾಡಿ ಎಲ್ಲಿಗಾದರೂ ಹೋಗಲಿ ಎಂದು ನಾವೂ ಹತ್ತಿದೆವು.

ಹೊಲ

ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಆ ಕಡೆ ಅಂದು ಎಳ್ಳಮಾವಾಸ್ಯೆ. ಮನೆಗೆ ಬೀಗ ಹಾಕಿ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಆಳೆತ್ತರ ಜೋಳದ ಬೆಳೆ, ಅದರ ಬದಿಗೆ ಕಡಲೆ, ನಡುವೆ ಬನ್ನಿ ಮರದ ಕೆಳಗೆ ಕಂಬಳಿ ಹಾಸಿತ್ತು. ಹೊಲದ ಯಜಮಾನ ಫಕೀರಪ್ಪನವರು ಎದ್ದು ಬಂದು ನಮ್ಮವರ ಎರಡೂ ಕೈ ಹಿಡಿದುಕೊಂಡರು. ಆರಡಿ ಎತ್ತರದ ಆಳು, ದೊಡ್ಡ ದನಿ. "ಬರ್ರಿ, ಬರ್ರಿ, ಕೂಡ್ರಿ. ಹಾದಿಯೊಳಗ ತ್ರಾಸ ಆಗ್ಲಿಲ್ಲಲ್ಲ?" ಅವರ ಹೆಂಡತಿ ಕಾಲಿಗೆ ನೀರು ಕೊಟ್ಟು ಅತ್ತೆಯನ್ನು ಕಂಬಳಿಯ ನಡುವೆ ಕೂರಿಸಿದರು. ನಮ್ಮೂರಲ್ಲಿ ನೆಂಟರು ಹೇಳಿಕಳಿಸಿ ಬಂದರೂ ಮೊದಲು ಅಕ್ಕಿ ಡಬ್ಬ ನೋಡಿ ಆಮೇಲೆ ನಗುತ್ತೇವೆ. ಇಲ್ಲಿ ಯಾರೆಂದೂ ಕೇಳದೆ ನಕ್ಕರು.

ಮಕ್ಕಳಿಗೆ ಹಬ್ಬ. ಫಕೀರಪ್ಪನವರು ಬುಟ್ಟಿ ಹಿಡಿದು, ಬೆಳೆಯ ನಡುವೆ ನಡೆಯುತ್ತ, ಮಾಡಿದ ಅಡುಗೆಯಲ್ಲೆಲ್ಲ ಸ್ವಲ್ಪ ಸ್ವಲ್ಪ ಭೂಮಿಗೆ ಚೆಲ್ಲಿ "ಹುಲ್ಲುಲಿಗೋ!" ಎಂದು ಕೂಗಿದರು. ಅದನ್ನು ಚರಗ ಎನ್ನುತ್ತಾರಂತೆ. ಬಸು ಅವರ ಹಿಂದೆ ಓಡುತ್ತ ಅವರಿಗಿಂತ ಜೋರಾಗಿ ಕೂಗಿದ. ಸರೋಜ ಹಸಿ ಕಡಲೆ ಕಿತ್ತು ತಿಂದು, ಹುಳಿಗೆ ಕಣ್ಣು ಮುಚ್ಚಿ, ಮತ್ತೆ ಕಿತ್ತಳು.

ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಬಡಿಸಲು ಬಂದವಳು ಫಕೀರಪ್ಪನವರ ಮಗಳು, ಹದಿನೇಳರ ಹುಡುಗಿ ನೀಲವ್ವ. ಹೊಲಕ್ಕೆ ಬಂದವಳು ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದಿದ್ದು ನನಗೆ ಸ್ವಲ್ಪ ವಿಚಿತ್ರವೆನಿಸಿತು. ಅವಳು ಬಸುವಿನ ರೊಟ್ಟಿಯ ಬದಿಗೆ ಪುಡಿ ಹಾಕಿ, "ಹಿಂಡಿ ಹಚ್ಕೋ ತಮ್ಮಾ" ಎಂದಳು. ಬಸು ರೊಟ್ಟಿ ಕೆಳಗಿಟ್ಟು ಅಳು ದನಿಯಲ್ಲಿ, "ಅವ್ವ, ನಮಗೆ ಎಮ್ಮೆ ತಿನ್ನೋ ಹಿಂಡಿ ಹಾಕ್ತಾರೆ!" ಎಂದ. ಆ ಕಡೆಯವರು ಚಟ್ನಿಪುಡಿಗೆ ಹಿಂಡಿ ಎನ್ನುತ್ತಾರೆಂದು ತಿಳಿಸಿ ಅವನ ಬಾಯಿ ಮುಚ್ಚಿಸುವಷ್ಟರಲ್ಲಿ ಎಲ್ಲರೂ ನಕ್ಕು ಮುಗಿಸಿದ್ದರು. ನೀಲವ್ವ ಮಾತ್ರ ನಗಲಿಲ್ಲ.

ಗಂಡಸರ ಪಂಕ್ತಿಯಲ್ಲಿ ಬೇರೆಯೇ ಸಂಭಾಷಣೆ ನಡೆದಿತ್ತು. ನನ್ನ ಕಿವಿ ಅಲ್ಲೇ ಇತ್ತು.

"ಹುಡುಗ ಎಲ್ಲಿಗೆ ಬಂದಾನ್ರಿ?" ಎಂದರು ಫಕೀರಪ್ಪನವರು.

"ಸೆಕೆಂಡ್ ಕ್ಲಾಸು," ಎಂದರು ನಮ್ಮವರು, ಬಸುವಿನ ಓದು ಕೇಳಿದರೆಂದುಕೊಂಡು.

"ಸೆಕೆಂಡ್ ಕ್ಲಾಸ್! ಭಾಳ ಛಲೋ ಆತು. ಸ್ವಭಾವ?"

"ಚೇಷ್ಟೆ ಜಾಸ್ತಿ. ಒಂದು ಕಡೆ ನಿಲ್ಲಲ್ಲ. ರಾತ್ರಿ ಒಬ್ನೇ ಮಲಗೋದಿಲ್ಲ."

ಫಕೀರಪ್ಪನವರು ಬಾಯಿ ತುಂಬ ನಕ್ಕು ನಮ್ಮವರ ಬೆನ್ನು ತಟ್ಟಿದರು. "ಅದೇನ್ ದೊಡ್ಡದ್ರಿ! ಲಗ್ನ ಆತಂದ್ರ ಎಲ್ಲಾ ಸರಿಹೋಗ್ತೈತಿ."

ನಮ್ಮವರೂ ಒಳ್ಳೆಯ ತಮಾಷೆ ಎಂದು ನಕ್ಕರು. ನನ್ನ ಕೈಯಲ್ಲಿದ್ದ ಹೋಳಿಗೆ ಮಾತ್ರ ಬಾಯಿಗೆ ಹೋಗಲಿಲ್ಲ. ಪಕ್ಕದಲ್ಲಿ ಅತ್ತೆ ನನ್ನ ತೊಡೆ ಚಿವುಟಿ ಪಿಸುಗುಟ್ಟಿದರು: "ಇವರು ನಮಗೆ ಹೆಣ್ಣು ತೋರಿಸ್ತಾ ಇದಾರೆ ಕಣೇ."

"ಈಗ ಹೇಳಿಬಿಡೋಣ ಅತ್ತೆ."

"ಹೋಳಿಗೆ ಮುಗಿಸು ಮೊದ್ಲು."

ಬಾವಿ ಕಟ್ಟೆ

ಕೈ ತೊಳೆಯಲು ನೀಲವ್ವ ನನ್ನನ್ನು ಬಾವಿಯ ಹತ್ತಿರ ಕರೆದೊಯ್ದಳು. ಕೊಡ ಬಗ್ಗಿಸಿ ನೀರು ಹಾಕುತ್ತಿದ್ದವಳು ತಲೆ ಎತ್ತದೆ ಒಂದೇ ಉಸಿರಿಗೆ ಹೇಳಿದಳು:

"ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ. ಹುಡುಗಿ ಪಸಂದ ಬೀಳ್ಲಿಲ್ಲ ಅಂತ ಹೇಳಿಬಿಡ್ರಿ. ಕಪ್ಪ ಅದಾಳ ಅನ್ರಿ, ಉದ್ದ ಅದಾಳ ಅನ್ರಿ, ಏನರ ಅನ್ರಿ. ನಾ ಏಳನೇತ್ತಾ ಮುಲ್ಕಿ ಪರೀಕ್ಷಾ ಪಾಸಾಗೀನಿ. ಧಾರವಾಡದಾಗ ಮಾಸ್ತರಿಕಿ ಟ್ರೇನಿಂಗಿಗೆ ಜಾಗಾ ಸಿಕ್ಕೈತಿ. ಜೂನಕ್ಕ ಹೋಗಬೇಕು. ಅಪ್ಪ ಹೂಂ ಅಂದಿದ್ದ. ನಿಮ್ಮ ಕಡೆಯಿಂದ ಮಾತು ಬಂದಕೂಡ್ಲೆ ಸುಮ್ಮನಾಗ್ಯಾನ. ಅಂವನ ಮುಂದ ಮಾತಾಡಾಕ ನನಗ ಧೈರ್ಯ ಇಲ್ಲ."

ಮಾತಿನ ಭರದಲ್ಲಿ ನೀರೆಲ್ಲ ನನ್ನ ಸೀರೆಯ ಮೇಲೆ ಸುರಿಯಿತು. ನನಗೆ ನಾಚಿಕೆಯಾಯಿತು. ಈ ಹುಡುಗಿ ಎಷ್ಟು ದಿನದಿಂದ ಕಟ್ಟಿಟ್ಟುಕೊಂಡ ಮಾತನ್ನು, ಹೋಳಿಗೆ ತಿನ್ನಲು ಬಂದ ನನ್ನ ಮುಂದೆ ಸುರಿದಿದ್ದಳು.

"ತಂಗಿ, ನಾನು ನಿನ್ನ ನೋಡಕ್ಕೆ ಬಂದೋಳಲ್ಲಮ್ಮ."

"ಮತ್ತ?"

"ನಮ್ಮ ಬುತ್ತಿನ ಹಸು ತಿಂತು."

ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. ಗಾಡಿಯ ಕಥೆ ಹೇಳಿದೆ. ಕೇಳುತ್ತ ಕೇಳುತ್ತ ಅವಳಿಗೆ ನಗು ಬಂತು. ಎಂಥ ನಗು ಎಂದರೆ, ಕೊಡ ಬಾವಿ ಕಟ್ಟೆಯ ಮೇಲಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು, ಕೂತುಬಿಟ್ಟಳು. ಕಣ್ಣಲ್ಲಿ ಇದ್ದ ನೀರು ಅಳುವಿನದೋ ನಗುವಿನದೋ ಅವಳಿಗೇ ತಿಳಿದಿರಲಾರದು.

"ನನಗೆ ಹೇಳಿದ್ದನ್ನೇ ನಿಮ್ಮಪ್ಪನಿಗೆ ಹೇಳು," ಎಂದೆ. "ಈಗ ಒಂದು ಸಲ ಬಾಯಿಗೆ ಬಂದೈತಲ್ಲ."

ನಾವು ಹಿಂದಿರುಗಿದೆವು. ನಿಜ ಹೇಳಿಬಿಡಬೇಕೆಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಜೋಳದ ಸಾಲಿನ ನಡುವಿನಿಂದ ಬೆವರು ಒರೆಸುತ್ತ ಮೂವರು ಬಂದರು. ಮುಂದೆ ಕಪ್ಪು ಕೋಟು. ಗುಡಿಯಲ್ಲಿ ಅಭಿಷೇಕ ಮಾಡಿಸುತ್ತಿದ್ದವರೇ! ನೀಲವ್ವನನ್ನು ಕೇಳಿದ್ದ ಹುಡುಗನ ಸೋದರಮಾವನಂತೆ. ಹಿಂದೆ ಹುಡುಗನ ಅಪ್ಪ, ಅಮ್ಮ. ದೇವರ ಹತ್ತಿರ ತಡವಾಗಿ, ಸೇತುವೆಯ ಹತ್ತಿರ ಗಾಡಿ ಕಾಣದೆ, ಕೇಳಿಕೊಂಡು ನಡೆದು ಬಂದಿದ್ದರು.

ಫಕೀರಪ್ಪನವರು ಅವರನ್ನು ನೋಡಿದರು, ನಮ್ಮನ್ನು ನೋಡಿದರು. "ಹಂಗಾರ ನೀವು ಯಾರ್ರಿ?"

"ನಾವೂ ದಾವಣಗೆರೆಯೋರೇ," ಎಂದರು ನಮ್ಮವರು, ಬಹಳ ಸಣ್ಣ ದನಿಯಲ್ಲಿ.

"ದಾವಣಗೇರಿಯವ್ರನ್ನೆಲ್ಲಾ ನಾ ಊಟಕ್ಕ ಕರದಿಲ್ಲ!"

"ನಮಗೆ ಬಂದ ಗಾಡಿ ಹತ್ತಿದಾರೆ, ನಮ್ಮ ಊಟ ಉಂಡಿದಾರೆ," ಎಂದರು ಕಪ್ಪು ಕೋಟು. "ಹೆಣ್ಣನ್ನಾದ್ರೂ ಉಳಿಸಿದಾರೋ ಇಲ್ವೋ?"

ಯಾರೂ ನಗಲಿಲ್ಲ. ನೀಲವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಅಪ್ಪಾ," ಎಂದಳು. "ನಾ ಧಾರವಾಡಕ್ಕ ಹೋಗಾಕಿ. ಟ್ರೇನಿಂಗ್ ಮುಗಿಸೂಮಟ ಲಗ್ನ ಒಲ್ಲೆ."

ದೂರದಲ್ಲಿ ಬಸು "ಹುಲ್ಲುಲಿಗೋ" ಎಂದು ಕೂಗುತ್ತಿದ್ದ. ಫಕೀರಪ್ಪನವರ ಕುತ್ತಿಗೆಯ ನರ ಉಬ್ಬಿತು. ಅವರು ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ನೀವು ಏನ್ ಹೇಳಿಕೊಟ್ರಿ ಆಕಿಗೆ?"

ನನಗೆ ಹೆದರಿಕೆಯಾಯಿತು. ಪರಸ್ಥಳ, ಆರಡಿ ಆಳು, ತಪ್ಪು ಗಾಡಿ ಹತ್ತಿ ಬಂದ ನಾವು. ನಮ್ಮವರು ನನ್ನ ಮುಂದೆ ಬಂದು ನಿಂತರು. ಮೊಣಕಾಲು ನೀರಿಗೆ ಹೆದರಿದ ಮನುಷ್ಯ ಅಂದು ಅಲ್ಲಿ ನಿಂತದ್ದನ್ನು ನಾನು ಮರೆತಿಲ್ಲ. "ಆಕೆ ಏನೂ ಹೇಳಿಕೊಟ್ಟಿಲ್ರಿ," ಎಂದರು. "ನಿಮ್ಮ ಮಗಳೇ ಮಾತಾಡ್ತಾ ಐತೆ. ಕೇಳ್ರಿ."

ಕಪ್ಪು ಕೋಟು ಹೊರಟೇ ನಿಂತರು. "ನಡೀರಿ, ಸಾಕಾತು ಮರ್ಯಾದೆ!"

ಆಗ ನಮ್ಮ ಅತ್ತೆ ಕಂಬಳಿಯಿಂದ ಏಳದೆಯೇ ಹೇಳಿದರು: "ಕೂಡ್ರಪ್ಪ, ಬಿಸಿಲಲ್ಲಿ ನಡ್ಕೊಂಡು ಬಂದೀರಿ. ಸಿಟ್ಟು ಊಟ ಆದಮ್ಯಾಲೂ ಇರ್ತೈತೆ, ಎಲ್ಲಿಗೂ ಹೋಗಲ್ಲ. ಎಣ್ಣೆಗಾಯಿ ತಣ್ಣಗಾಗ್ತೈತೆ."

ಮೊದಲು ಕೂತವರು ಹುಡುಗನ ತಾಯಿ. ಅಣ್ಣನ ಕಡೆ ನೋಡದೆಯೇ ರೊಟ್ಟಿ ಮುರಿದರು. "ಮದುವಿ ಆದಮ್ಯಾಲೆ ಮೂಲೇಲಿ ಕೂತು ಅಳೋದಕ್ಕಿಂತ ಈಗ್ಲೇ ಹೇಳಿದ್ಲಲ್ಲ, ಒಳ್ಳೇದೇ ಆತು ಬಿಡಣ್ಣ. ನನಗಂತೂ ಯಾರೂ ಕೇಳಿರಲಿಲ್ಲ." ಎಂದರು. ಅವರ ಗಂಡ ಹೋಳಿಗೆಯನ್ನು ಬಹಳ ಗಮನವಿಟ್ಟು ನೋಡುತ್ತ ಕೂತರು. ಕೊನೆಗೆ ಕಪ್ಪು ಕೋಟೂ ಕೂತಿತು. ಕೋಟು ಬಿಚ್ಚಿ ಉಂಡಿತು.

ವಾಪಸು ಸೇತುವೆಗೆ

ಎರಡು ದಾವಣಗೆರೆಗಳನ್ನೂ ಒಂದೇ ಗಾಡಿಯಲ್ಲಿ ತುಂಬಿ ಫಕೀರಪ್ಪನವರೇ ಹೊಡೆದುಕೊಂಡು ಬಂದರು. ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತ್ರ ಮಾತಾಡಿದರು. ಕಪ್ಪು ಕೋಟಿನವರ ತೊಡೆಯ ಮೇಲೆ ಬಸು ನಿದ್ದೆ ಹೋಗಿದ್ದ. ಅವರು ಅವನನ್ನು ಎಬ್ಬಿಸಲೂ ಆರದೆ, ಸಿಟ್ಟು ಬಿಡಲೂ ಆರದೆ ಸೆಟೆದು ಕೂತಿದ್ದರು.

ಸೇತುವೆಯ ಹತ್ತಿರ ಎಲ್ಲರೂ ಇಳಿದ ಮೇಲೆ ಫಕೀರಪ್ಪನವರು ನನ್ನನ್ನು ಕರೆದರು. ಆ ದೊಡ್ಡ ದನಿ ಎಲ್ಲೋ ಹೋಗಿತ್ತು.

"ಯವ್ವಾ, ಆಕಿ ನಿಮಗ ಮೊದಲ ಹೇಳಿದ್ಲು, ಹೌದಿಲ್ಲೋ?"

"ಹೌದ್ರಿ."

"ಗುರ್ತಿಲ್ಲದಾಕಿ ಮುಂದ ಹೇಳಿದ್ಲು. ನಾ ಹಡದ ಅಪ್ಪ ಮನಿಯಾಗ ಇದ್ದೆ. ನನಗ ಹೇಳ್ಲಿಲ್ಲ."

"ನೀವು ಕೇಳಿದ್ರಾ?"

ಹಿಂದಿನಿಂದ ಅತ್ತೆ ನನ್ನ ಸೊಂಟಕ್ಕೆ ತಿವಿದರು. ಫಕೀರಪ್ಪನವರು ಹೊಳೆಯ ಕಡೆ ತಿರುಗಿದರು. ಆಮೇಲೆ ಗಾಡಿಯ ಹುಲ್ಲಿನಡಿಯಿಂದ ಒಂದು ಹೊರೆ ಹಸಿ ಕಡಲೆ ಗಿಡ ತೆಗೆದು ಸರೋಜಳ ತಲೆಯ ಮೇಲಿಟ್ಟರು. "ಬರು ವರ್ಷ ಎಳ್ಳಮಾಸಿಗೂ ಬರ್ರಿ," ಎಂದರು. "ಆದ್ರ ಹೇಳಿ ಬರ್ರಿ."

ಎದುರು ಮನೆಯಾಕೆಗೆ ಬೊಂಬಾಯಿ ಬಳೆಯ ಬದಲು ಮುಂಬೈ ರಾಜ್ಯದ ಕಡಲೆ ಗಿಡ ಕೊಟ್ಟೆ. ನಮ್ಮ ಮೇಲೆ ಅವಳಿಗಿದ್ದ ಗೌರವ ಅಂದಿಗೆ ಮುಗಿಯಿತು.

ಮರುವರ್ಷ ಹೇಳಿಯೇ ಹೋದೆವು. ನೀಲವ್ವ ಧಾರವಾಡದಿಂದ ರಜಕ್ಕೆ ಬಂದಿದ್ದಳು. ಸಾದಾ ಸೀರೆ ಉಟ್ಟು, ಬಸುವನ್ನು ಮುಂದೆ ನಿಲ್ಲಿಸಿಕೊಂಡು ಮಗ್ಗಿ ಕೇಳಿ ಅವನ ಹಬ್ಬ ಕೆಡಿಸಿದಳು. ಪಕ್ಕದ ಹೊಲದವರೊಬ್ಬರು ಬದುವಿನ ಮೇಲೆ ನಿಂತು ನಮ್ಮ ಕಡೆ ಕೈ ತೋರಿಸಿ, "ಇವರು ಯಾರ್ರಿ ಫಕೀರಪ್ಪಾರ, ಬೀಗರೇನು?" ಎಂದು ಕೇಳಿದರು.

ಫಕೀರಪ್ಪನವರು ನಮ್ಮವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತ ಹೊಲವೆಲ್ಲ ಕೇಳುವಂತೆ ಹೇಳಿದರು:

"ಬೀಗರಲ್ಲೋ ಮಾರಾಯ! ಅದಕ್ಕ ಮತ್ತ, ಇಷ್ಟು ಛಲೋ ಅದೀವಿ."